ಗೀರು ಬಿದ್ದ ಮಸೂರದ ಪರವಾಗಿ

ನಾನು ಪಾಠ ಹೇಳುವ ಕಾಲೇಜಿನಲ್ಲಿ ದಾಸ್ತಾನು ಪರಿಶೀಲನೆಗೆಂದು ಈಚೆಗೆ ಒಂದು ಸಮಿತಿ ಕುಳಿತಿತು. ಸಮಿತಿಗಳು ಕುಳಿತ ಮೇಲೆ ಪಟ್ಟಿಗಳು ಏಳುತ್ತವೆ, ಇಲ್ಲಿಯೂ ಎದ್ದಿತು. ಕಾಲು ಮುರಿದ ಬೆಂಚುಗಳು, ಓಡದ ಗೋಡೆ ಗಡಿಯಾರ, ಗೆದ್ದಲು ತಿಂದ ಕಪಾಟು, ಕೈ ಕಿತ್ತುಹೋದ ಕುರ್ಚಿಗಳು, ಇವುಗಳ ಸಾಲಿನ ಕೊನೆಯಲ್ಲಿ ಒಂದು ಬಾಬು ಹೀಗಿತ್ತು: "ಕ್ಯಾಮೆರಾ ಒಂದು. ಮಸೂರದಲ್ಲಿ ಗೀರು. ನಿರುಪಯುಕ್ತ."

ಮೂರು ಪುಟ್ಟ ವಾಕ್ಯಗಳು. ಮೊದಲಿನ ಎರಡಕ್ಕೆ ನನ್ನ ತಕರಾರಿಲ್ಲ. ಕ್ಯಾಮೆರಾ ಒಂದೇ ಇದೆ. ಮಸೂರದಲ್ಲಿ ಗೀರೂ ಇದೆ. ಆದರೆ ಎರಡನೆಯ ವಾಕ್ಯದಿಂದ ಮೂರನೆಯ ವಾಕ್ಯಕ್ಕೆ ಸಮಿತಿಯವರು ಹೇಗೆ ದಾಟಿದರು? ನಡುವೆ ಸೇತುವೆಯಿಲ್ಲ. ಯಾರೂ ಆ ಕ್ಯಾಮೆರಾದಲ್ಲಿ ಒಂದು ಚಿತ್ರವನ್ನೂ ತೆಗೆದು ನೋಡಿರಲಿಲ್ಲ. ಬೆಂಚಿನ ಮೇಲೆ ಕುಳಿತು ನೋಡಿ ಕಾಲು ಮುರಿದಿದೆ ಎಂದು ಬರೆದವರು, ಕ್ಯಾಮೆರಾವನ್ನು ಮಾತ್ರ ಬಿಸಿಲಿಗೆ ಹಿಡಿದು ನೋಡಿ ಕೆಳಗಿಟ್ಟರು. ಗೀರು ಕಂಡಿತು, ತೀರ್ಪು ಬಂದಿತು. ಈ ಅವಸರದ ತೀರ್ಪಿನ ವಿರುದ್ಧವೇ ನಾನು ಈ ವಾರ ಲೇಖನಿ ಹಿಡಿದಿದ್ದೇನೆ.

ಒಂದು ಕ್ಯಾಮೆರಾಕ್ಕಾಗಿ ಇಷ್ಟು ಮಾತೇಕೆ ಎಂದು ವಾಚಕರು ಕೇಳಬಹುದು. ವಿಷಯ ಒಂದು ಕ್ಯಾಮೆರಾದ್ದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನಮ್ಮ ಊರೂರುಗಳ ಸ್ಟುಡಿಯೋಗಳಲ್ಲಿ, ಮನೆಗಳ ಅಟ್ಟಗಳಲ್ಲಿ, ಶಾಲೆಗಳ ಬೀರುಗಳಲ್ಲಿ ಇದೇ ಮೂರು ವಾಕ್ಯಗಳ ತರ್ಕಕ್ಕೆ ಬಲಿಯಾಗಿ ಎಷ್ಟು ಒಳ್ಳೆಯ ಮಸೂರಗಳು ಗುಜರಿಗೆ ಹೋದವೋ! ಅಷ್ಟೇ ಅಲ್ಲ, ಇದೇ ತರ್ಕ ಈಗ ಮಸೂರವನ್ನು ಬಿಟ್ಟು ಚಿತ್ರಗಳ ಮೇಲೆಯೇ ಏರಿ ಬರುತ್ತಿದೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಸ್ಥಳಪರಿಚಯ. ಮದ್ದೂರು ಎಂದೊಡನೆ ವಡೆಯನ್ನು ನೆನೆಯುವವರು ಕ್ಷಮಿಸಬೇಕು. ಅದು ಮಂಡ್ಯ ಜಿಲ್ಲೆಯ ಮದ್ದೂರು. ನನ್ನದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಆರಂಭವಾಗುವ ಅಂಚಿನಲ್ಲಿದೆ. 2009ರಿಂದ ಇಲ್ಲಿ ರಾತ್ರಿ 9 ಗಂಟೆಗೆ ಗೇಟು ಬಿದ್ದರೆ ಮತ್ತೆ ತೆರೆಯುವುದು ಬೆಳಗಿನ 6ಕ್ಕೆ. ಮಳೆಗಾಲ ಕಾಲಿಟ್ಟಿತೆಂದರೆ ತಾಲ್ಲೂಕಿನ ಹೊಲಗಳಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಅರಳುತ್ತವೆ. ಕೇರಳದಿಂದಲೂ ಮೈಸೂರು ಬೆಂಗಳೂರುಗಳಿಂದಲೂ ಬಂದ ಕಾರುಗಳು ರಸ್ತೆಯ ಬದಿಯಲ್ಲಿ ಸಾಲುಗಟ್ಟುತ್ತವೆ. ಇಳಿದವರೆಲ್ಲರ ಕೈಯಲ್ಲೂ ಒಂದೊಂದು ಕ್ಯಾಮೆರಾ. ಚಿತ್ರ ತೆಗೆಯುವ ವಿಷಯದಲ್ಲಿ ಲೋಕದ ನಂಬಿಕೆಗಳೇನು, ಮೂಢನಂಬಿಕೆಗಳೇನು ಎಂಬುದನ್ನು ತಿಳಿಯಲು ನಮ್ಮ ಊರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಇನ್ನು ಆಪಾದಿತ ಕ್ಯಾಮೆರಾ. ಅದು ಯಾಷಿಕಾ ಕಂಪೆನಿಯ ಎರಡು ಕಣ್ಣಿನ ಪೆಟ್ಟಿಗೆ. ಒಂದು ಕಾಲಕ್ಕೆ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಛಾಯಾಗ್ರಾಹಕರು ಎದೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ಇಣುಕಿ ನೋಡುತ್ತಿದ್ದರಲ್ಲ, ಅದೇ ಜಾತಿ. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಚಿತ್ರ ತೆಗೆಯುವುದಕ್ಕೆ. ಮೇಲಿನ ಮಸೂರದಿಂದ ಒಳಬಂದ ಬೆಳಕು ಕನ್ನಡಿಗೆ ತಾಗಿ ಛಾಯಾಗ್ರಾಹಕನ ಕಣ್ಣಿಗೆ ಹೋಗುತ್ತದೆಯೇ ಹೊರತು ಫಿಲಂನ ಮುಖವನ್ನೇ ಕಾಣುವುದಿಲ್ಲ. ಸಮಿತಿಯವರು ಕಂಡು ಬೆಚ್ಚಿದ ದೊಡ್ಡ ಗೀರು ಇದ್ದದ್ದು ಈ ಮೇಲಿನ ಕಣ್ಣಿನಲ್ಲಿ! ಆ ಗಾಜು ಪೂರ್ತಿ ಒಡೆದುಹೋದರೂ ಚಿತ್ರಕ್ಕೆ ಕೂದಲೆಳೆಯಷ್ಟು ಊನವಾಗದು. ಓದುವವನ ಕನ್ನಡಕ ಗೀಚಿಹೋಗಿದೆಯೆಂದು ಪುಸ್ತಕವನ್ನು ರದ್ದಿಗೆ ಹಾಕಿದ ಹಾಗಾಯಿತು.

ಆದರೆ ಇಷ್ಟರಿಂದಲೇ ಗೆದ್ದೆನೆಂದು ನಾನು ಹೇಳಿಕೊಳ್ಳಲಾರೆ. ಕೆಳಗಿನ ಕಣ್ಣಿನಲ್ಲಿಯೂ ಒಂದು ಗೀರಿತ್ತು. ಸುಮಾರು 5 ಮಿಲಿಮೀಟರ್ ಉದ್ದ, ಕೂದಲಿನಷ್ಟು ದಪ್ಪ. ವಾದವನ್ನು ನ್ಯಾಯವಾಗಿ ನಡೆಸಬೇಕಾದರೆ ಈ ಗೀರಿನ ವಿಚಾರಣೆಯೇ ನಡೆಯಬೇಕು.

ಜನ ತಿಳಿದಿರುವುದು ಹೀಗೆ: ಗಾಜಿನ ಮೇಲೆ ಗೀರಿದ್ದರೆ ಚಿತ್ರದ ಮೇಲೂ ಗೀರು ಬೀಳುತ್ತದೆ. ಇದು ಕಿಟಕಿಯ ಗಾಜಿಗೂ ಮಸೂರಕ್ಕೂ ಇರುವ ಅಂತರವನ್ನು ಅರಿಯದವರ ಮಾತು. ಮಸೂರದ ಕೆಲಸದ ಬಗೆಯೇ ಬೇರೆ. ಎದುರಿಗಿರುವ ಗೋಪಾಲಸ್ವಾಮಿ ಬೆಟ್ಟದ ಗೋಪುರದ ತುದಿ ಎಂದಿಟ್ಟುಕೊಳ್ಳಿ. ಆ ಒಂದು ಬಿಂದುವಿನಿಂದ ಹೊರಟ ಬೆಳಕು ಮಸೂರದ ಒಂದು ಮೂಲೆಗೆ ಮಾತ್ರ ಬೀಳುವುದಿಲ್ಲ. ಮಸೂರದ ಇಡೀ ಮುಖದ ಮೇಲೆ ಬೀಳುತ್ತದೆ. ಹಾಗೆ ಬಿದ್ದುದನ್ನೆಲ್ಲ ಮಸೂರ ಕೂಡಿಸಿ ಫಿಲಂನ ಮೇಲೆ ಮತ್ತೆ ಒಂದು ಬಿಂದುವಾಗಿಸುತ್ತದೆ. ಬೆಟ್ಟದ ಬುಡದ ಬಿಂದುವಿಗೂ ಇದೇ ನಿಯಮ, ಪಕ್ಕದ ಮರದ ಎಲೆಗೂ ಇದೇ ನಿಯಮ. ಎಲ್ಲ ಬಿಂದುಗಳೂ ಇಡೀ ಮಸೂರವನ್ನು ಬಳಸುತ್ತವೆ. ಆದುದರಿಂದ ಗೀರು ಕದಿಯುವ ಬೆಳಕು ಯಾವ ಒಂದು ಬಿಂದುವಿನದೂ ಅಲ್ಲ. ಎಲ್ಲ ಬಿಂದುಗಳಿಂದಲೂ ಒಂದೊಂದು ಚಿಟಿಕೆ. ಊರಿನ ಪ್ರತಿ ಮನೆಯಿಂದಲೂ ಒಂದೊಂದು ಕಾಳು ಕದ್ದ ಕಳ್ಳನನ್ನು ಯಾವ ಮನೆಯವರೂ ಕಂಡುಹಿಡಿಯಲಾರರು.

ನಂಬಿಕೆ ಬಾರದವರು ಅಡಿಗೆಮನೆಯಿಂದ ಒಂದು ಜರಡಿಯನ್ನು ತಂದು ಕಣ್ಣಿಗೆ ಒತ್ತಿ ಹಿಡಿದು ದೂರದ ತೆಂಗಿನ ಮರವನ್ನು ನೋಡಲಿ. ಜರಡಿಯ ತಂತಿಗಳು ಮಾಯವಾಗಿ, ಮರ ಸ್ವಲ್ಪ ಮಬ್ಬಾಗಿ ಕಾಣುತ್ತದೆ. ಅದನ್ನೇ ಒಂದು ಮಾರು ದೂರಕ್ಕೆ ಹಿಡಿದರೆ ತಂತಿಯೆಲ್ಲ ಕಣ್ಣಿಗೆ ಕುಕ್ಕುತ್ತದೆ. ಕಣ್ಣಿಗೆ ತೀರ ಹತ್ತಿರವಿರುವುದು ಕಣ್ಣಿಗೆ ಕಾಣದು. ಈ ಪತ್ರಿಕೆಯನ್ನು ಕನ್ನಡಕ ಹಾಕಿಕೊಂಡು ಓದುತ್ತಿರುವವರು ಒಮ್ಮೆ ಅದನ್ನು ತೆಗೆದು ದೀಪಕ್ಕೆ ಹಿಡಿಯಲಿ. ಎಷ್ಟು ಗೀರುಗಳು! ಆದರೂ ಇಷ್ಟು ಹೊತ್ತು ಅಕ್ಷರಗಳ ಮೇಲೆ ಯಾವ ಗೆರೆಯನ್ನೂ ಅವರು ಕಂಡಿರಲಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೂ ಕೊಡೋಣ. ನಮ್ಮ ಕ್ಯಾಮೆರಾದ ಮಸೂರದ ನಾಭಿದೂರ 80 ಮಿಲಿಮೀಟರ್. ಅದರ ದ್ವಾರವನ್ನು ಎಫ್ 3.5ಕ್ಕೆ ಪೂರ್ತಿ ತೆರೆದಾಗ ಬೆಳಕು ಒಳಬರುವ ಬಾಗಿಲಿನ ಅಗಲ ಸುಮಾರು 23 ಮಿಲಿಮೀಟರ್. ಅದರ ವಿಸ್ತೀರ್ಣ 400 ಚದರ ಮಿಲಿಮೀಟರಿಗೂ ಮೇಲು. ಗೀರಿನ ಉದ್ದ 5, ಅಗಲ ಒಂದರ ಹತ್ತನೆಯ ಒಂದು ಪಾಲು ಎಂದರೆ ವಿಸ್ತೀರ್ಣ ಅರ್ಧ ಚದರ ಮಿಲಿಮೀಟರ್. ಎಂಟುನೂರರಲ್ಲಿ ಒಂದು ಪಾಲು! ಎಂಟುನೂರು ರೂಪಾಯಿ ಸಂಬಳದಲ್ಲಿ ಒಂದು ರೂಪಾಯಿ ಕಳೆದುಹೋಯಿತೆಂದು ಕೆಲಸಕ್ಕೇ ರಾಜೀನಾಮೆ ಕೊಡುವ ಗುಮಾಸ್ತೆಯನ್ನು ನೀವು ಕಂಡಿದ್ದೀರಾ? ಆದರೆ ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. ಅದೇ ದ್ವಾರವನ್ನು ಎಫ್ 22ಕ್ಕೆ ಕಿರಿದಾಗಿಸಿದರೆ ಬಾಗಿಲು ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಗೀರು ನಡುಮಧ್ಯದಲ್ಲಿ ಹಾದಿದ್ದರೆ ಆಗ ಅದರ ಪಾಲು ಮೂವತ್ತರಲ್ಲಿ ಒಂದಕ್ಕೆ ಏರುತ್ತದೆ. ಬಾಗಿಲು ಕಿರಿದಾದಷ್ಟೂ ಅಡ್ಡ ನಿಂತವನು ದೊಡ್ಡವನಾಗುತ್ತಾನೆ. ಇದನ್ನು ತಿಳಿದವನು ದ್ವಾರವನ್ನು ಸ್ವಲ್ಪ ಅಗಲವಾಗಿಯೇ ಇಟ್ಟು ಚಿತ್ರ ತೆಗೆಯುತ್ತಾನೆ. ತಿಳಿಯದವನು ಪಟ್ಟಿಯಲ್ಲಿ ನಿರುಪಯುಕ್ತ ಎಂದು ಬರೆಯುತ್ತಾನೆ.

ಲೆಕ್ಕ ಹೇಳಿದರೆ ಸಾಲದು, ಚಿತ್ರ ತೋರಿಸಬೇಕು. ಪ್ರಿನ್ಸಿಪಾಲರ ಅನುಮತಿ ಪಡೆದು ಆ ಕ್ಯಾಮೆರಾವನ್ನು ಎರಡು ದಿನ ಮನೆಗೆ ತಂದೆ. ಅದೇ ಮಾದರಿಯ ಗೀರಿಲ್ಲದ ಕ್ಯಾಮೆರಾ ಮೈಸೂರಿನ ಒಬ್ಬ ಹಿರಿಯ ಛಾಯಾಗ್ರಾಹಕರ ಬಳಿ ಇತ್ತು. ಅದನ್ನೂ ಬೇಡಿ ತಂದೆ. ಒಂದೊಂದಕ್ಕೂ ಹನ್ನೆರಡು ಚಿತ್ರದ ಒಂದು ಸುರುಳಿ. ಅದೇ ಚೆಂಡುಹೂವಿನ ಹೊಲ, ಅದೇ ಬೆಟ್ಟ, ನಮ್ಮ ಅವ್ವನ ಅದೇ ಮುಖ. ಒಂದೊಂದನ್ನೂ ಎರಡು ಕ್ಯಾಮೆರಾಗಳಲ್ಲಿ ಒಂದಾದ ಮೇಲೊಂದರಂತೆ ತೆಗೆದೆ. ಗೀರಿನ ಕ್ಯಾಮೆರಾದ ಹನ್ನೆರಡರ ಫಲಿತಾಂಶವನ್ನು ಇದ್ದದ್ದಿದ್ದ ಹಾಗೆ ಹೇಳುತ್ತೇನೆ. ಸೂರ್ಯ ಬೆನ್ನಿಗೋ ಮಗ್ಗುಲಿಗೋ ಇದ್ದಾಗ ತೆಗೆದ ಎಂಟು ನಿಷ್ಕಳಂಕವಾಗಿ ಬಂದವು. ಸೂರ್ಯನಿಗೆ ಎದುರಾಗಿ ತೆಗೆದವು ಮೂರು. ಅವುಗಳಲ್ಲಿ ಎರಡಕ್ಕೆ ಹಾಲಿನ ಪರದೆ ಎಳೆದ ಹಾಗೆ ಮಂಕು ಕವಿದಿತ್ತು. ಮೂರನೆಯದಕ್ಕೆ ಮಸೂರದ ಮೇಲೆ ಅಂಗೈ ನೆರಳು ಹಿಡಿದಿದ್ದೆ. ಅದು ಚೆನ್ನಾಗಿಯೇ ಬಂದಿತು. ಉಳಿದ ಒಂದು ಪೂರ್ತಿ ಕೆಟ್ಟಿತ್ತು. ಅದಕ್ಕೆ ಕಾರಣ ಗೀರಲ್ಲ. ಸಂಜೆಗತ್ತಲಲ್ಲಿ ನಡುಗಿದ ನನ್ನ ಕೈ.

ಎರಡು ಕ್ಯಾಮೆರಾಗಳ ಆ ಎಂಟೆಂಟು ಚಿತ್ರಗಳನ್ನು ಕಲಸಿ ಅಧ್ಯಾಪಕರ ಕೋಣೆಯ ಮೇಜಿನ ಮೇಲೆ ಹರಡಿದೆ. ಗೀರಿನ ಕ್ಯಾಮೆರಾದವನ್ನು ಆರಿಸಿ ಕೊಡಿರೆಂದು ಸಮಿತಿಯ ಸದಸ್ಯರನ್ನೇ ಕೇಳಿಕೊಂಡೆ. ಅವರು ಬಹಳ ಹೊತ್ತು ಕನ್ನಡಕವನ್ನು ಏರಿಸಿ ಇಳಿಸಿ, ಬಹಳ ವಿಶ್ವಾಸದಿಂದ ಮೊದಲು ಆರಿಸಿದ್ದು ಗೀರಿಲ್ಲದ ಕ್ಯಾಮೆರಾದ ಚಿತ್ರವನ್ನು. ಮೂರ್ನಾಲ್ಕು ಚಿತ್ರಗಳಾದ ಮೇಲೆ ಒಬ್ಬರು ನಕ್ಕು ಕೈಬಿಟ್ಟರು; ಇನ್ನೊಬ್ಬರಿಗೆ ಕ್ಲಾಸಿನ ಹೊತ್ತಾಯಿತು.

ಹಾಗಾದರೆ ಗೀರು ಒಳ್ಳೆಯದೆಂದು ನಾನು ವಾದಿಸುತ್ತಿದ್ದೇನೆಯೇ? ಇಲ್ಲ. ಗೀರಿಗೆ ಎರಡು ಗುಣ. ಸ್ವಲ್ಪ ಬೆಳಕನ್ನು ತಡೆಯುತ್ತದೆ. ಅದು ಲೆಕ್ಕಕ್ಕೆ ಬಾರದ್ದು. ಸ್ವಲ್ಪ ಬೆಳಕನ್ನು ಚೆದುರಿಸುತ್ತದೆ, ಉಪದ್ರವವಿರುವುದು ಇದರಲ್ಲಿ. ಗೀರಿನ ಒರಟು ಅಂಚಿಗೆ ನೇರ ಬಿಸಿಲು ತಾಗಿದರೆ ಅದು ಒಳಗೆಲ್ಲ ಎರಚಿಕೊಂಡು, ಕಪ್ಪಿರಬೇಕಾದಲ್ಲಿ ಬೂದು ಬಣ್ಣ ತುಂಬುತ್ತದೆ. ಇದಕ್ಕೆ ಹಳೆಯ ಛಾಯಾಗ್ರಾಹಕರು ಕಂಡುಕೊಂಡ ಮದ್ದು ಕೇಳಿದರೆ ನಮ್ಮ ತಾಯಂದಿರು ಮೆಚ್ಚುತ್ತಾರೆ. ಗೀರು ಆಳವಾಗಿದ್ದರೆ ಸೂಜಿಮೊನೆಯಷ್ಟು ಕಪ್ಪು ಶಾಯಿಯನ್ನು ಅದರೊಳಗೆ ತುಂಬಿ ಬಿಡುವುದು. ಆಗ ಗೀರು ಬೆಳಕನ್ನು ಎರಚುವುದನ್ನು ಬಿಟ್ಟು ಸುಮ್ಮನೆ ನುಂಗಿಕೊಳ್ಳುತ್ತದೆ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ ಮಸೂರಕ್ಕೊಂದು ಕಪ್ಪು ಬೊಟ್ಟು!

ಹಿಂದಿನ ಗಾಜಿನ, ಅಂದರೆ ಫಿಲಂನ ಕಡೆಗಿರುವ ಗಾಜಿನ, ಗೀರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಲ್ಲಿ ಬೆಳಕಿನ ಕಟ್ಟು ಕಿರಿದಾಗಿ ಚಿತ್ರಕ್ಕೆ ಸಮೀಪವಾಗಿರುತ್ತದೆ. ಅಲ್ಲಿನ ಸಣ್ಣ ಗಾಯವೂ ದೊಡ್ಡದು. ಬೂಷ್ಟು ಹಿಡಿದ ಮಸೂರವನ್ನೂ ನಾನು ಸಮರ್ಥಿಸುವುದಿಲ್ಲ. ಮಳೆಗಾಲವಿಡೀ ತೊಗಲಿನ ಚೀಲದಲ್ಲಿ ಮುಚ್ಚಿ ಬೀರುವಿನಲ್ಲಿಟ್ಟ ಕ್ಯಾಮೆರಾದ ಗಾಜಿನ ಮೇಲೆ ಜೇಡರ ಬಲೆಯಂತೆ ಹರಡುವ ಬೂಷ್ಟು, ಗಾಜುಗಳನ್ನು ಅಂಟಿಸಿದ ಅಂಟು ಬಿಟ್ಟು ಮೂಡುವ ಕಾಮನಬಿಲ್ಲು, ಎಣ್ಣೆಯ ಆವಿ ಕಟ್ಟಿದ ಮಬ್ಬು, ಇವು ಇಡೀ ಗಾಜನ್ನು ಆವರಿಸುವ ರೋಗಗಳು. ಗೀರು ಗಾಯದ ಕಲೆ, ಬೂಷ್ಟು ಕ್ಷಯ. ಕಲೆಯನ್ನು ಕಂಡು ಹೆದರಿ ಕ್ಷಯವನ್ನು ಕಾಣದಿರುವುದೇ ನಮ್ಮ ಸಮಿತಿಗಳ ವೈದ್ಯ.

ಎಲ್ಲಕ್ಕಿಂತ ದೊಡ್ಡ ಶತ್ರು ಇನ್ನೊಬ್ಬನಿದ್ದಾನೆ. ಅವನು ಮಸೂರವನ್ನು ಪ್ರೀತಿಯಿಂದ ಒರೆಸುವವನು. ಗಾಜಿನ ಮೇಲೆ ಧೂಳು ಕಂಡ ಕೂಡಲೆ ಪಂಚೆಯ ತುದಿ, ಸೀರೆಯ ಸೆರಗು, ಅಂಗಿಯ ಚುಂಗು, ಯಾವುದು ಕೈಗೆ ಸಿಕ್ಕಿದರೆ ಅದರಿಂದ ಉಜ್ಜುವವನು. ನಮ್ಮ ದಾರಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿಣ್ಯದ ಅಳತೆಯಲ್ಲಿ ಬೆಣಚು 7, ಗಾಜು ಐದೂವರೆಯ ಆಸುಪಾಸು. ಉಜ್ಜುವುದೆಂದರೆ ಗಾಜಿಗೆ ಮರಳುಕಾಗದ ಹಾಕಿದ ಹಾಗೆಯೇ. ಒಂದು ದೊಡ್ಡ ಗೀರು ಮಾಡದ ಕೇಡನ್ನು ಹತ್ತು ವರ್ಷದ ಈ ಪ್ರೀತಿ ಮಾಡುವ ಸಾವಿರ ಸಣ್ಣ ಗೀರುಗಳು ಮಾಡುತ್ತವೆ. ಏಕೆಂದರೆ ಅವು ಮಸೂರದ ಮುಖವನ್ನೆಲ್ಲ ಆವರಿಸಿ ಎಲ್ಲ ಕಡೆಯಿಂದಲೂ ಬೆಳಕನ್ನು ಎರಚುತ್ತವೆ. ಮೊದಲು ಗಾಳಿ ಊದಿ, ಬಳಿಕ ಮೆತ್ತನೆಯ ಕುಂಚ ಆಡಿಸಿ, ಅದಕ್ಕೂ ಹೋಗದ ಜಿಡ್ಡಿದ್ದರೆ ಮಾತ್ರ ಶುಭ್ರವಾದ ಹತ್ತಿಬಟ್ಟೆಯಿಂದ ಹಗುರವಾಗಿ ತೊಡೆಯಬೇಕು. ಧೂಳು ಇದ್ದರೆ ಇರಲಿ. ಇನ್ನು ಗೀರನ್ನೇ ಉಜ್ಜಿ ತೆಗೆಸುತ್ತೇನೆಂದು ಮಸೂರವನ್ನು ಪಾಲಿಷ್ ಮಾಡಿಸುವವರು ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ವಂಶಸ್ಥರು. ಮಸೂರದ ಬಾಗು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಸೂಕ್ಷ್ಮವಾದ ಲೆಕ್ಕದಲ್ಲಿ ತಿದ್ದಿದ್ದು. ಅದನ್ನು ಕೈಯಿಂದ ಉಜ್ಜಿದರೆ ಗೀರಿನ ಜೊತೆಗೆ ಮಸೂರವೂ ಹೋಗುತ್ತದೆ.

ಗಾಜಿನ ಹೊಳಪಿನ ಮೇಲೆ ನಮಗಿರುವ ಈ ಭಕ್ತಿಗೆ ವಿಜ್ಞಾನದ ಇತಿಹಾಸವೇ ಒಂದು ಬುದ್ಧಿ ಹೇಳುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದ ಕುಕ್ ಕಂಪೆನಿಯಲ್ಲಿ ಹೆರಾಲ್ಡ್ ಡೆನ್ನಿಸ್ ಟೇಲರ್ ಎಂಬ ಮಸೂರತಜ್ಞನಿದ್ದ. ಹಳೆಯದಾಗಿ ಮೇಲ್ಮೈ ಬಣ್ಣಗೆಟ್ಟ ಮಸೂರಗಳು ಹೊಚ್ಚಹೊಸ ಮಸೂರಗಳಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತವೆ ಎಂಬುದನ್ನು ಅವನು 1890ರ ದಶಕದಲ್ಲಿ ಗಮನಿಸಿದ. ಬೇರೆಯವರು ಕೆಟ್ಟಿತೆಂದು ಮುಖ ತಿರುಗಿಸಿದ್ದನ್ನು ಅವನು ಅಳೆದು ನೋಡಿದ! ಬೋಳು ಗಾಜಿನ ಒಂದೊಂದು ಮುಖವೂ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 4ರಷ್ಟನ್ನು ಹಿಂದಕ್ಕೆ ತಿರುಗಿಸುತ್ತದೆ. ಗಾಳಿಗೆ ತಾಗುವ ಆರು ಮುಖಗಳುಳ್ಳ ಮಸೂರದಲ್ಲಿ ಹೀಗೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಬೆಳಕು ಪೋಲು. ಕಾಲ ಗಾಜಿನ ಮೇಲೆ ಕಟ್ಟಿದ ತೆಳುವಾದ ಪೊರೆ ಈ ಪೋಲನ್ನು ತಗ್ಗಿಸಿತ್ತು. ಆ ಪೊರೆಯನ್ನು ಬೇಕೆಂದೇ ಹುಟ್ಟಿಸುವ ವಿಧಾನಕ್ಕೆ ಟೇಲರ್ 1904ರಲ್ಲಿ ಪೇಟೆಂಟ್ ಪಡೆದ. 1935ರಲ್ಲಿ ಜರ್ಮನಿಯ ಜೈಸ್ ಕಂಪೆನಿಯ ಅಲೆಕ್ಸಾಂಡರ್ ಸ್ಮಾಕುಲ ಅದನ್ನು ಲೇಪನವಾಗಿ ಕೂರಿಸುವ ಮಾರ್ಗ ಕಂಡುಕೊಂಡ. ಇಂದು ಅಂಗಡಿಯವರು ನೇರಳೆ ಬಣ್ಣದ ಹೊಳಪು ತೋರಿಸಿ ಹೊಗಳುವ ಲೇಪನದ ಅಜ್ಜ, ಹಳೆಯ ಗಾಜಿನ ಮೇಲಿನ ಒಂದು ಕಲೆ. ನಮ್ಮ ಸಮಿತಿಯವರು ಅಂದು ಯಾರ್ಕ್‌ನಲ್ಲಿದ್ದಿದ್ದರೆ ಆ ಮಸೂರವೂ ಪಟ್ಟಿಗೆ ಸೇರುತ್ತಿತ್ತು.

ಗೀರಿನ ಭಯದಿಂದ ಲಾಭ ಯಾರಿಗೆ ಎಂಬುದನ್ನೂ ಕೇಳಬೇಕಲ್ಲವೇ? ಮಸೂರಕ್ಕೆ ಗೀರು ಬೀಳದಿರಲೆಂದು ಅದರ ಮುಂದೆ ಇನ್ನೊಂದು ಗಾಜನ್ನು ತಿರುಗಿಸಿ ಕೂರಿಸುವ ವ್ಯಾಪಾರವಿದೆ. ಅಗ್ಗದ ಗಾಜಾದರೆ ಅದರ ಎರಡು ಮುಖಗಳೇ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಪುಟಿಸಿ, ಗೀರು ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ಮಂಕನ್ನು ತಾವೇ ತರುತ್ತವೆ. ಕಳ್ಳನ ಭಯಕ್ಕೆ ಮನೆಗೆ ಮತ್ತೊಬ್ಬ ಕಳ್ಳನನ್ನು ಕಾವಲಿಟ್ಟ ಹಾಗೆ. ಕೈಫೋನಿನ ಕ್ಯಾಮೆರಾದ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಅಲ್ಲಿ ಮಸೂರದ ಬಾಗಿಲು ಕೆಲವೇ ಮಿಲಿಮೀಟರಿನದು. ಮೊದಲೇ ಹೇಳಿದಂತೆ ಕಿರುಬಾಗಿಲಿಗೆ ಅಡ್ಡ ನಿಂತ ಗೀರು ದೊಡ್ಡದೇ. ಆದರೆ ಬೆಟ್ಟಕ್ಕೆ ಹೋಗಿ ಬಂದವರು ನನ್ನ ಮುಂದೆ ಹಿಡಿದು ಮಂಜು ಎಷ್ಟು ದಟ್ಟವಾಗಿತ್ತು ನೋಡಿ ಎಂದಾಗ, ಅವರ ಫೋನನ್ನು ತಿರುಗಿಸಿ ನೋಡುವುದು ನನ್ನ ಪದ್ಧತಿ. ಹಲವು ಸಲ ಮಂಜು ಗೋಪಾಲಸ್ವಾಮಿ ಬೆಟ್ಟದ ಮೇಲಿರುವುದಿಲ್ಲ. ಗಾಜಿನ ಮೇಲಿನ ಬೆರಳಿನ ಜಿಡ್ಡಿನಲ್ಲಿರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ.

ನಮ್ಮ ಊರಿನ ಹಿಂದಿನ ಕಾಡನ್ನೇ ನೋಡಿ. ಬಂಡೀಪುರದಲ್ಲಿ ಹುಲಿಗಳನ್ನು ಎಣಿಸಲು ಮರಗಳಿಗೆ ಕ್ಯಾಮೆರಾ ಕಟ್ಟುತ್ತಾರೆ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಶಾಸ್ತ್ರೀಯವಾಗಿ ಬೆಳೆಸಿದ ಕ್ರಮ ಇದು. ದಾರಿಯ ಎರಡು ಬದಿಗೂ ಒಂದೊಂದು ಕ್ಯಾಮೆರಾ. ಏಕೆಂದರೆ ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೋಲಿಕೆಯಿಲ್ಲ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆ ಪೆಟ್ಟಿಗೆಗಳ ಗಾಜಿಗೆ ಧೂಳು, ಕೆಸರು, ಮಳೆಹನಿ, ಜೇಡರಬಲೆ. ಆದರೂ ರಾತ್ರಿಯ ಕತ್ತಲಲ್ಲಿ ಹಾದುಹೋದ ಹುಲಿ ಯಾವುದೆಂದು ಅದರ ಮೈಮೇಲಿನ ಗೆರೆಗಳಿಂದ ಓದುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ, ಗಾಜು ಎಷ್ಟು ಚೆಂದ ಎಂಬುದಲ್ಲ. ಹುಲಿ ಯಾವುದು ತಿಳಿಯಿತೇ ಎಂಬುದು. ಚಿತ್ರವನ್ನು ತೂಗಬೇಕಾದ ತಕ್ಕಡಿ ಇದೇ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದ. ಆತನ ನೆಗೆಟಿವ್‌ಗಳು ಗಾಜಿನವೂ ಅಲ್ಲ, ಮೇಣ ಸವರಿದ ಕಾಗದದವು. ಕಾಗದದ ನಾರೆಲ್ಲ ಚಿತ್ರದ ನುಣುಪನ್ನು ತಿನ್ನುತ್ತದೆ. ಇಂದಿನ ಅಳತೆಯಲ್ಲಿ ಅದಕ್ಕಿಂತ ಕಳಪೆ ಸಾಮಗ್ರಿ ಇನ್ನೊಂದಿಲ್ಲ. ಆದರೆ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತೆಂಬುದನ್ನು ಇಂದು ಕಣ್ಣಾರೆ ಕಾಣಬೇಕಾದರೆ ಆ ಕಾಗದದ ಚಿತ್ರಕ್ಕೇ ಹೋಗಬೇಕು. ನಮ್ಮ 50 ರೂಪಾಯಿ ನೋಟಿನ ಮೇಲಿನ ನುಣುಪಾದ ರಥಕ್ಕೆ ಆ ಶಿಖರವಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಹಂಪೆ ಕಳೆದುಕೊಂಡದ್ದೇನೆಂದು ಹುಡುಕುತ್ತಾರೆಯೇ ಹೊರತು ಕಾಗದದ ನಾರನ್ನು ಎಣಿಸುವುದಿಲ್ಲ.

ಹಳೆಯ ಚಲನಚಿತ್ರಗಳಲ್ಲಿ ಮಳೆ ಸುರಿದಂತೆ ಕಾಣುವ ಗೆರೆಗಳನ್ನು ಮಸೂರದ ಗೀರೆಂದು ತಿಳಿದವರೂ ಇದ್ದಾರೆ. ಅವು ಮಸೂರದವಲ್ಲ, ಟೆಂಟಿನಿಂದ ಟೆಂಟಿಗೆ ಓಡಿ, ಯಂತ್ರದ ಹಲ್ಲಿಗೆ ಸಿಕ್ಕಿ, ಫಿಲಂನ ಮೈಮೇಲೆಯೇ ಆದ ಗಾಯಗಳು. ಆ ಗಾಯಗಳನ್ನಾದರೂ ಹೀಗಳೆಯಬಹುದೇ? 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. ಅದರ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಇಂದು ಎಲ್ಲಿಂದಲಾದರೂ ಅದರ ಒಂದು ಸುರುಳಿ, ಅಡಿಯಿಂದ ಮುಡಿಯವರೆಗೂ ಗೀರೇ ತುಂಬಿದ ಸುರುಳಿ, ಸಿಕ್ಕಿತೆಂದರೆ ಮೆರವಣಿಗೆ ಮಾಡಿ ತರುತ್ತೇವೆ. ಇರುವಾಗ ಗೀರು ಕಾಣುತ್ತದೆ. ಹೋದ ಮೇಲೆ ಚಿತ್ರ ನೆನಪಾಗುತ್ತದೆ.

ಈಗ ಆರಂಭದಲ್ಲಿ ಮಾತು ಕೊಟ್ಟ ವಿಷಯ. ನಮ್ಮ ಅಜ್ಜಿಯ, ಎಂದರೆ ಅವ್ವನ ತಾಯಿಯ, ಚಿತ್ರ ಮನೆಯಲ್ಲಿ ಒಂದೇ ಒಂದಿದೆ. ಯಾವುದೋ ಜಾತ್ರೆಯಲ್ಲಿ ತೆಗೆಸಿದ್ದು. ಗೋಡೆಯ ತೇವಕ್ಕೆ ಅಂಚು ಕಂದಿ, ಮೇಲೆ ನಾಲ್ಕಾರು ಗೆರೆ ಬಿದ್ದಿತ್ತು. ಹಳೆಯ ಪಟಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಹೊಸದು ಮಾಡಿಕೊಡುವವರಿದ್ದಾರೆಂದು ಕೇಳಿ, ಅವ್ವನಿಗೆ ಸಂತೋಷವಾದೀತೆಂದು ಕೊಟ್ಟುಬಂದೆ. ಬಂದ ಪ್ರತಿ ಕನ್ನಡಿಯಂತೆ ಹೊಳೆಯುತ್ತಿತ್ತು. ಗೆರೆಯಿಲ್ಲ, ಕಲೆಯಿಲ್ಲ. ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಹೇಳಿದಳು: "ಸೀರೆ ನಮ್ಮವ್ವಂದೇ. ಮೊಕ ಯಾರ್ದು ಕನಪ್ಪ?"

ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದೆ. ಅಜ್ಜಿಯ ಗಲ್ಲದ ಮೇಲೆ ಮೂರು ಚುಕ್ಕೆ ಹಚ್ಚೆಯಿತ್ತು. ಯಂತ್ರ ಅದನ್ನು ಕಾಗದದ ಕಲೆಯೆಂದು ತಿಳಿದು ಅಳಿಸಿತ್ತು. ಹಣೆಯ ಸುಕ್ಕನ್ನು ಗೀರೆಂದು ತಿಳಿದು ತುಂಬಿತ್ತು. ಮಂಜಾಗಿದ್ದ ಕಣ್ಣುಗಳ ಜಾಗದಲ್ಲಿ, ಯಾರದೋ ಎಂದು ಹೇಳಲಾಗದ, ಎಲ್ಲರದೂ ಆಗಬಹುದಾದ ಒಂದು ಜೊತೆ ಹೊಳೆವ ಕಣ್ಣುಗಳನ್ನು ಇಟ್ಟಿತ್ತು. ಗೀರು ನಮ್ಮ ಅಜ್ಜಿಯ ಮುಖದ ಒಂದೆರಡು ಎಳೆಗಳನ್ನು ಮಾತ್ರ ಮುಚ್ಚಿತ್ತು. ಗೀರು ತೆಗೆದವರು ಅಜ್ಜಿಯನ್ನೇ ತೆಗೆದರು.

ಕನ್ನಡ ಪಾಠ ಹೇಳುವವನಿಗೆ ಇದು ಹೊಸ ಕಥೆಯಲ್ಲ. ಓಲೆಗರಿಗಳನ್ನು ನೋಡಿ ಹಳೆಯ ಕಾವ್ಯಗಳನ್ನು ಸಂಪಾದಿಸಿದ ನಮ್ಮ ಹಿರಿಯರು ಇದೇ ಪಾಠವನ್ನು ಕಲಿಸಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯನ್ನು ಕನ್ನಡದಲ್ಲಿ ಒಂದು ಶಾಸ್ತ್ರವಾಗಿ ವಿವರಿಸಿ ಪುಸ್ತಕವನ್ನೇ ಬರೆದರು. ಹುಳು ತಿಂದ ಗರಿಯಲ್ಲಿ ತೂತಿದ್ದರೆ ತೂತೆಂದು ಗೊತ್ತಾಗುತ್ತದೆ. ಅಲ್ಲಿ ಅಕ್ಷರ ಲುಪ್ತವಾಗಿದೆಯೆಂದು ಗುರುತು ಹಾಕಿ ಮುಂದೆ ಹೋಗಬಹುದು. ಅದು ಪ್ರಾಮಾಣಿಕವಾದ ನಷ್ಟ. ಆದರೆ ಅರ್ಥವಾಗದ ಕಡೆ ತನಗೆ ತೋಚಿದ್ದನ್ನು ಅಂದವಾಗಿ ತುಂಬಿ ಬರೆದ ಲಿಪಿಕಾರನಿದ್ದಾನಲ್ಲ, ಅವನ ಪ್ರತಿಯಲ್ಲಿ ತೂತೇ ಇರುವುದಿಲ್ಲ; ಅದಕ್ಕಾಗಿಯೇ ಅವನು ಹುಳುವಿಗಿಂತ ಅಪಾಯಕಾರಿ. ಗರಿಯಲ್ಲಿ ತೂತಿದೆಯೆಂದು ನಮ್ಮ ಹಿರಿಯರು ಪಂಪನನ್ನು ನಿರುಪಯುಕ್ತರ ಪಟ್ಟಿಗೆ ಸೇರಿಸಿದ್ದಿದ್ದರೆ ಇಂದು ನಾನು ಯಾವುದನ್ನು ಪಾಠ ಹೇಳುತ್ತಿದ್ದೆ?

ಆದುದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಮಸೂರವನ್ನು ನಿರುಪಯುಕ್ತವೆಂದು ಬರೆಯುವ ಮೊದಲು ಅದರಿಂದ ಒಂದು ಚಿತ್ರ ತೆಗೆದು ನೋಡಿ. ಗೀರು ಮುಂದಿನ ಗಾಜಿನದೋ ಹಿಂದಿನದೋ, ಅದು ಗೀರೋ ಬೂಷ್ಟೋ ವಿಚಾರಿಸಿ. ಮನೆಯ ಅಟ್ಟದಲ್ಲಿ ತಾತನ ಕ್ಯಾಮೆರಾ ಇದ್ದರೆ ತೊಗಲಿನ ಚೀಲದಿಂದ ಹೊರತೆಗೆದು ಗಾಳಿಯಾಡುವ ಕಡೆ ಇಡಿ, ದಯವಿಟ್ಟು ಒರೆಸಬೇಡಿ. ಹಳೆಯ ಪಟಗಳನ್ನು ತಿದ್ದಿಸುವವರು ತಿದ್ದಿಸಲಿ, ಅದು ಅವರವರ ಇಷ್ಟ. ಆದರೆ ಮೂಲ ಪಟವನ್ನು ಬಿಸಾಡಬೇಡಿ, ತಿದ್ದಿದ್ದರ ಬೆನ್ನಿಗೆ ತಿದ್ದಿದ್ದೆಂದು ಬರೆದಿಡಿ. ನಾಳೆ ಮೊಮ್ಮಗಳು ನೋಡುವಾಗ ಅಜ್ಜಿ ಯಾರು, ಯಂತ್ರ ಯಾವುದು ಎಂಬುದು ಅವಳಿಗೆ ತಿಳಿಯಬೇಡವೇ?

ನಮ್ಮ ಕಾಲೇಜಿನ ಪಟ್ಟಿ ಮೇಲಿನ ಕಛೇರಿಗೆ ಹೋಗಿದೆ. ಮೂರನೆಯ ವಾಕ್ಯವನ್ನು ಹೊಡೆದುಹಾಕಬೇಕೆಂದು ನಾನು ಅರ್ಜಿ ಕೊಟ್ಟಿದ್ದೇನೆ. ಲಗತ್ತಿಗೆ ಎಂಟು ಚಿತ್ರಗಳನ್ನೂ ಇಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬೆಂಚು ಕುರ್ಚಿಗಳ ಜೊತೆಗೆ ಅದೂ ಹರಾಜಿಗೆ ಬಂದರೆ ಸವಾಲು ಕೂಗಲು ನಾನಂತೂ ಹೋಗುತ್ತೇನೆ. ಗೀರಿದೆಯೆಂದು ಬೇರೆ ಯಾರೂ ಕೂಗಲಾರರು. ಅದೊಂದು ಉಪಕಾರವನ್ನು ಸಮಿತಿಯವರು ನನಗೆ ಮಾಡಿದ್ದಾರೆ. ಕೆಳಗಿನ ಕಣ್ಣಿನ ಗೀರಿಗೆ ಒಂದು ಬೊಟ್ಟು ಕಪ್ಪು ಶಾಯಿ ಇಟ್ಟು, ಅವ್ವನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ, ಸುಕ್ಕುಗಳ ಸಮೇತ ಇನ್ನೊಂದು ಪಟ ತೆಗೆಯಬೇಕೆಂದಿದ್ದೇನೆ.